ಕಡಿವಾಣ ಮತ್ತು ಕೈ: ಜೆನೊಫನ್‌ನ ಅಶ್ವವಿವೇಕ

ಕನ್ನಡದಲ್ಲಿ ಕಡಿವಾಣ ಹಾಕುವುದೆಂದರೆ ತಡೆಯುವುದು ಎಂಬ ಅರ್ಥವೇ ರೂಢವಾಗಿದೆ. ಕುದುರೆಯ ಬಾಯಿಗೆ ಸೇರುವ ಈ ಲೋಹದ ಸಾಧನವು ತಡೆಯುವುದಕ್ಕಷ್ಟೇ ಅಲ್ಲ, ತಿಳಿಸುವುದಕ್ಕೂ ಇದೆ ಎಂಬುದನ್ನು ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಕ್ ಗದ್ಯದಲ್ಲಿ ವಿವರಿಸಿದವನು ಜೆನೊಫನ್. ಇತಿಹಾಸಕಾರನೆಂದೂ ಸಾಕ್ರೆಟಿಸನ ಶಿಷ್ಯನೆಂದೂ ಪರಿಚಿತನಾದ ಈತನ ಬದುಕನ್ನು ಅಶ್ವವಿದ್ಯೆಯ ಕಡೆಯಿಂದ ನೋಡಿದರೆ, ದಂಡನೆ ಮತ್ತು ಒಲವುಗಳ ಸಂಬಂಧ ಅವನನ್ನು ಎಷ್ಟು ಆಳವಾಗಿ ಕಾಡಿತ್ತೆಂಬುದು ಸ್ಪಷ್ಟವಾಗುತ್ತದೆ.

ಜೆನೊಫನ್ ಸುಮಾರು ಕ್ರಿ.ಪೂ. 430ರಲ್ಲಿ ಅಥೆನ್ಸಿನ ಸ್ಥಿತಿವಂತ ಕುಟುಂಬವೊಂದರಲ್ಲಿ ಜನಿಸಿದನು. ತಂದೆಯ ಹೆಸರು ಗ್ರಿಲಸ್. ಕುದುರೆ ಸಾಕುವುದು ಅಂದಿನ ಅಥೆನ್ಸಿನಲ್ಲಿ ಸಿರಿವಂತರಿಗೆ ಮಾತ್ರ ಸಾಧ್ಯವಿದ್ದ ಸಂಗತಿ. ಕ್ರಿ.ಪೂ. 401ರಲ್ಲಿ ಗೆಳೆಯ ಪ್ರಾಕ್ಸೆನಸ್‌ನ ಆಹ್ವಾನದಂತೆ ಅವನು ಪರ್ಷಿಯದ ರಾಜಕುಮಾರ ಸೈರಸ್‌ನ ದಂಡಿನೊಡನೆ ಹೊರಟನು. ಕುನಾಕ್ಸದ ಕದನದಲ್ಲಿ ಸೈರಸ್ ಮಡಿದನು; ಬಳಿಕ ಗ್ರೀಕ್ ದಂಡನಾಯಕರು ಮೋಸಕ್ಕೆ ಬಲಿಯಾದರು. ಹತ್ತು ಸಾವಿರದ ಪಡೆಯೆಂದು ಪ್ರಸಿದ್ಧವಾದ ಆ ಸೈನ್ಯವನ್ನು ಮರಳಿ ಕರೆತರಲು ಹೊಸದಾಗಿ ಆಯ್ಕೆಯಾದ ನಾಯಕರಲ್ಲಿ ಅವನೂ ಒಬ್ಬನಾದನು.

ಈ ಪ್ರಯಾಣವನ್ನು ಅವನೇ ‘ಅನಾಬಾಸಿಸ್’ ಕೃತಿಯಲ್ಲಿ ನಿರೂಪಿಸಿದ್ದಾನೆ; ಆತ್ಮಸಮರ್ಥನೆಯ ಅಂಶವನ್ನು ಗಮನದಲ್ಲಿಟ್ಟೇ ಅದನ್ನು ಓದಬೇಕಾಗುತ್ತದೆ. ಶತ್ರುಗಳ ಅಶ್ವಬಲಕ್ಕೆ ಅಂಜಬೇಕಿಲ್ಲವೆಂದು ಯೋಧರಿಗೆ ಧೈರ್ಯ ಹೇಳಿದವನೇ, ಸ್ವಲ್ಪ ಸಮಯದಲ್ಲೇ ಸಾಮಾನು ಹೊರುವ ಕುದುರೆಗಳನ್ನೂ ಬಳಸಿಕೊಂಡು ಸುಮಾರು 50 ಸವಾರರ ತುಕಡಿಯನ್ನು ಕಟ್ಟಬೇಕಾಯಿತು. ಒಮ್ಮೆ ಗುಡ್ಡವೊಂದನ್ನು ಏರುವಾಗ ಅವನು ಕುದುರೆಯ ಮೇಲೆ ಕುಳಿತು ಹುರಿದುಂಬಿಸುತ್ತಿದ್ದನು. ತಾನು ಗುರಾಣಿ ಹೊತ್ತು ಬಳಲುತ್ತಿರುವೆನೆಂದು ಯೋಧನೊಬ್ಬ ಗೊಣಗಿದಾಗ, ಜೆನೊಫನ್ ಕೆಳಗಿಳಿದು ಅವನ ಗುರಾಣಿಯನ್ನೇ ಹೊತ್ತು ನಡೆದನು. ಉಳಿದ ಯೋಧರು ಆ ಗೊಣಗಿದವನನ್ನು ಬಡಿದು, ಗುರಾಣಿಯನ್ನು ಮರಳಿ ಹೊರುವಂತೆ ಮಾಡಿದರು. ಆದರೆ ಸೈನಿಕರನ್ನು ಹೊಡೆದನೆಂಬ ಆಪಾದನೆಗೆ ಮುಂದೆ ಉತ್ತರಿಸಬೇಕಾದವನೂ ಅವನೇ. ಹೊಡೆದುದನ್ನು ಅವನು ಅಲ್ಲಗಳೆಯಲಿಲ್ಲ. ಅದು ಸೈನ್ಯದ ಉಳಿವಿಗೆ ಅಗತ್ಯವಾಗಿತ್ತೆಂದು ವಾದಿಸಿದನು.

ಪ್ರಯಾಣದ ಕೊನೆಯಲ್ಲಿ ಕೈ ಬರಿದಾದಾಗ ಅವನು ತನ್ನ ಕುದುರೆಯನ್ನು ಲಾಂಪ್ಸಕಸ್‌ನಲ್ಲಿ 50 ಡಾರಿಕ್ ನಾಣ್ಯಗಳಿಗೆ ಮಾರಿದನು. ಅದು ಅವನಿಗೆ ಪ್ರಿಯವಾದುದೆಂದು ತಿಳಿದವರು ಅದನ್ನು ಬಿಡಿಸಿ ತಂದು, ಬೆಲೆ ಪಡೆಯದೆ ಹಿಂದಿರುಗಿಸಿದರು. ಅನಂತರ ಅವನು ಸ್ಪಾರ್ಟದ ದೊರೆ ಅಜೆಸಿಲಾಸ್‌ನ ಆಪ್ತನಾದನು. ಅಥೆನ್ಸ್ ಅವನನ್ನು ಗಡೀಪಾರು ಮಾಡಿತು. ಸ್ಪಾರ್ಟದವರು ಒಲಿಂಪಿಯಾದ ಸಮೀಪದ ಸ್ಕಿಲಸ್‌ನಲ್ಲಿ ಕೊಟ್ಟ ಜಮೀನಿನಲ್ಲಿ ಅವನು ಹೆಂಡತಿ ಫಿಲೇಸಿಯಾ ಹಾಗೂ ಇಬ್ಬರು ಗಂಡುಮಕ್ಕಳೊಡನೆ ಬೇಟೆ, ಬೇಸಾಯಗಳಲ್ಲಿ ಹಲವು ವರ್ಷ ಕಳೆದನು. ಕ್ರಿ.ಪೂ. 371ರ ಲ್ಯೂಕ್ಟ್ರ ಕದನದಲ್ಲಿ ಸ್ಪಾರ್ಟ ಸೋತ ಮೇಲೆ ಆ ನೆಲೆಯೂ ತಪ್ಪಿತು.

ಈ ಅನುಭವದ ಫಲವಾದ ಅಶ್ವಾರೋಹಣದ ಕೃತಿಯನ್ನು ಜೆನೊಫನ್ ಕಿರಿಯ ಗೆಳೆಯರಿಗಾಗಿ ಬರೆದನು. ತನಗಿಂತ ಹಿಂದೆ ಈ ವಿಷಯ ಕುರಿತು ಬರೆದ ಸೈಮನ್‌ನನ್ನು ಅದರಲ್ಲಿ ಗೌರವದಿಂದ ನೆನೆಯುತ್ತಾನೆ. ರಿಕಾಪು ಇನ್ನೂ ಇಲ್ಲದ ಆ ಕಾಲದಲ್ಲಿ ಸವಾರನ ತೊಡೆ ಮತ್ತು ಕೈಗಳೇ ಅವನ ಆಧಾರ. ಆದುದರಿಂದ ಕಡಿವಾಣದ ಆಯ್ಕೆ ಅಲ್ಲಿ ಮುಖ್ಯ ಪ್ರಶ್ನೆಯಾಗುತ್ತದೆ.

ಸವಾರನ ಬಳಿ ಕನಿಷ್ಠ ಎರಡು ಕಡಿವಾಣಗಳಿರಬೇಕೆಂಬುದು ಅವನ ಸೂಚನೆ. ಒಂದು ನಯವಾದುದು, ಸಾಕಷ್ಟು ದೊಡ್ಡ ಬಿಲ್ಲೆಗಳುಳ್ಳದ್ದು. ಇನ್ನೊಂದು ಒರಟಾದುದು, ಭಾರವಾದ ಚಿಕ್ಕ ಬಿಲ್ಲೆಗಳೂ ಚೂಪಾದ ಮುಳ್ಳುಗಳೂ ಉಳ್ಳದ್ದು. ಕುದುರೆ ಒರಟು ಕಡಿವಾಣವನ್ನು ಕಚ್ಚಿ ಹಿಡಿಯಲು ಹೋದರೆ ನೋವಾಗಿ ಬಿಟ್ಟುಬಿಡುತ್ತದೆ. ಅದರಿಂದ ಕಲಿತುದನ್ನು ನಯವಾದುದರಲ್ಲಿ ಸಂತೋಷದಿಂದ ಮಾಡುತ್ತದೆ. ಎರಡೂ ಬಗೆಯವು ಬಾಗುವಂತಿರಬೇಕು. ಬಿಗಿಯಾದ ಕಂಬಿಯನ್ನು ಕುದುರೆ ಒಂದೆಡೆ ಹಿಡಿದರೂ ಪೂರ್ತಿ ಹಿಡಿದಂತೆಯೇ. ಸರಪಳಿಯಂತೆ ಬಳುಕುವುದನ್ನು ಹಾಗೆ ಹಿಡಿಯಲಾಗದು. ನಡುವೆ ತೂಗುವ ಪುಟ್ಟ ಉಂಗುರಗಳು ಅದರ ನಾಲಗೆಯನ್ನು ಆಟದಲ್ಲಿ ತೊಡಗಿಸುತ್ತವೆ. ಕಡಿವಾಣವನ್ನು ತೊಡಿಸುವ ಜಾಗವೂ ಮುಖ್ಯ: ತೀರ ಮೇಲಾದರೆ ಬಾಯಿ ಜಡ್ಡುಗಟ್ಟುತ್ತದೆ, ತೀರ ಕೆಳಗಾದರೆ ಕುದುರೆ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತದೆ.

ಈ ವಿವರಗಳ ಸಾರ ಅವನು ಹುರುಪಿನ ಕುದುರೆಯ ಬಗೆಗೆ ಹೇಳಿದ ಮಾತಿನಲ್ಲಿದೆ. ಅಂಥದಕ್ಕೆ ನಯವಾದ ಕಡಿವಾಣವೇ ಯೋಗ್ಯ. ಒರಟಾದುದನ್ನು ತೊಡಿಸಿದ್ದರೂ ಕೈಯ ಹಗುರತನದಿಂದ ಅದನ್ನು ನಯವಾಗಿಸಬೇಕು. ಬಲವಂತದಿಂದ ಮಾಡಿಸಿದ ಕೆಲಸದಲ್ಲಿ ಅರಿವೂ ಇರದು, ಚೆಲುವೂ ಇರದು ಎಂಬುದು ಅವನ ನಿಲುವು. ಆದರೆ ಮುಳ್ಳಿನ ಕಡಿವಾಣವನ್ನು ಅವನು ಕೈಬಿಡಲಿಲ್ಲ. ಅವನನ್ನು ಕೇವಲ ಕರುಣೆಯ ಸವಾರಿಯ ಪ್ರವರ್ತಕನೆಂದು ಕೊಂಡಾಡುವುದು ಅಪೂರ್ಣವಾದೀತು. ಗುರಾಣಿ ಹೊತ್ತವನೂ ಸೈನಿಕನನ್ನು ಹೊಡೆದವನೂ ಒಬ್ಬನೇ ಆಗಿದ್ದಂತೆ, ನೋವಿನಿಂದ ಕಲಿಸಿ ನಯದಿಂದ ನಡೆಸುವ ದ್ವಂದ್ವ ಈ ಕೃತಿಯಲ್ಲಿಯೂ ಉಳಿದಿದೆ.

ಕ್ರಿ.ಪೂ. 362ರಲ್ಲಿ ಮಾಂಟಿನಿಯದ ಬಳಿ ಅವನ ಮಗ ಗ್ರಿಲಸ್ ಅಥೆನ್ಸಿನ ಅಶ್ವದಳದಲ್ಲಿ ಹೋರಾಡುತ್ತ ಮಡಿದನು. ತಂದೆಯನ್ನು ಹೊರಹಾಕಿದ ನಗರಕ್ಕಾಗಿ ಮಗ ಕುದುರೆಯೇರಿ ಪ್ರಾಣ ಕೊಟ್ಟಿದ್ದನು. ಸುಮಾರು ಕ್ರಿ.ಪೂ. 354ರಲ್ಲಿ ಜೆನೊಫನ್ ತೀರಿಕೊಂಡನು. ಯಾವ ಕಡಿವಾಣ ಸರಿಯೆಂಬ ಪ್ರಶ್ನೆಗೆ ಅವನು ಬಿಟ್ಟುಹೋದ ಉತ್ತರ ಲೋಹದಲ್ಲಿ ಮುಗಿಯುವುದಿಲ್ಲ. ವಾಘೆ ಹಿಡಿದ ಕೈಯ ಹೊಣೆಯನ್ನೂ ಅದು ಕೇಳುತ್ತದೆ.