ದೀಪಧಾರಿಣಿಯ ಲೆಕ್ಕದ ಪುಸ್ತಕ

ಕೊಕ್ಕನೂರಿನ ಬಂಧುವೊಬ್ಬರನ್ನು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿಸಿ, ಎರಡು ರಾತ್ರಿ ವಾರ್ಡಿನಲ್ಲೇ ಕಳೆದಿದ್ದೆ. ರಾತ್ರಿ ಪಾಳಿಯ ದಾದಿ ರೋಗಿಯ ಜ್ವರ, ರಕ್ತದೊತ್ತಡಗಳನ್ನು ಮೊದಲು ಕೇಸ್ ಶೀಟಿನಲ್ಲಿ, ಆಮೇಲೆ ರಿಜಿಸ್ಟರಿನಲ್ಲಿ, ಕೊನೆಗೆ ವಾರ್ಡಿನ ಆಚೆ ತುದಿಯಲ್ಲಿದ್ದ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು. ಅವವೇ ಅಂಕಿಗಳು, ಮೂರು ಸಲ. ನನಗೆ ಫ್ಲಾರೆನ್ಸ್ ನೈಟಿಂಗೇಲ್ ನೆನಪಾದರು.

ಈಕೆಯನ್ನು ನಾವು ಬಲ್ಲದ್ದು ಕೈಯಲ್ಲಿ ದೀಪ ಹಿಡಿದ ಕರುಣಾಮಯಿಯಾಗಿ. ಪಠ್ಯಪುಸ್ತಕಗಳೂ ಅಲ್ಲಿಗೇ ನಿಲ್ಲುತ್ತವೆ. ಆದರೆ 1820ರ ಮೇ 12ರಂದು ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿ, ತಂದೆಯಿಂದಲೇ ಪಾಠ ಕಲಿತ ಈ ಹೆಣ್ಣುಮಗಳಿಗೆ ಅಂಕಿಸಂಖ್ಯೆಗಳ ಮೇಲೆ ಅಪಾರ ಪ್ರೀತಿಯಿತ್ತು. ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದಾಗ ಅವರನ್ನು ಕಂಗೆಡಿಸಿದ್ದು ಕೊಳಕು, ಹುಳಹುಪ್ಪಟೆಗಳಷ್ಟೇ ಅಲ್ಲ. ಸಾವಿನ ಲೆಕ್ಕಕ್ಕೆ ಅಲ್ಲಿ ಮೂರು ಪುಸ್ತಕಗಳಿದ್ದವು. ಒಂದರ ಮೊತ್ತ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಎಷ್ಟು ಜನ ಸತ್ತರೆಂಬುದೇ ತಿಳಿಯದಿದ್ದರೆ ಏಕೆ ಸತ್ತರೆಂದು ತಿಳಿಯುವುದು ಹೇಗೆ?

ಸ್ವದೇಶಕ್ಕೆ ಮರಳಿದ ಮೇಲೆ, ಹೆಚ್ಚಾಗಿ ಹಾಸಿಗೆ ಹಿಡಿದೇ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜತೆಗೂಡಿ ಆ ಅಂಕಿಗಳನ್ನು ಜಾಲಾಡಿದರು. ಗಾಯಕ್ಕಿಂತ ತಡೆಯಬಹುದಾಗಿದ್ದ ರೋಗಗಳಿಗೆ ಬಲಿಯಾದವರೇ ಎಷ್ಟೋ ಪಟ್ಟು ಹೆಚ್ಚೆಂಬುದನ್ನು 1858ರಲ್ಲಿ ಬಣ್ಣದ ವೃತ್ತಾಕಾರದ ನಕ್ಷೆಯಲ್ಲಿ ತೋರಿಸಿದರು. ಭಾರತಕ್ಕೆ ಕಾಲಿಡದೆಯೇ ಇಲ್ಲಿನ ಸೈನಿಕ ಠಾಣೆಗಳಿಗೆ ಪ್ರಶ್ನಾವಳಿ ಕಳುಹಿಸಿ ಉತ್ತರ ತರಿಸಿಕೊಂಡರು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆಂಬ ಸಂಗತಿ 1863ರ ಆಯೋಗದ ವರದಿಯಿಂದ ಬಯಲಾಯಿತು.

ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕವಿಡಬೇಕೆಂಬ ಅವರ ಯೋಜನೆಯನ್ನು 1860ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಒಪ್ಪಿತು. ಕೆಲವು ಆಸ್ಪತ್ರೆಗಳು ಪ್ರಯತ್ನಿಸಿದವು, ಬಹುಕಾಲ ನಡೆಯಲಿಲ್ಲ. ತುಂಬುವ ಶ್ರಮ, ಖರ್ಚು ಎರಡೂ ಹೆಚ್ಚಾಗಿದ್ದವು. ವಾರ್ಡಿನ ಕಷ್ಟ ಬಲ್ಲ ನೈಟಿಂಗೇಲ್ ಕೂಡ ಇಲ್ಲಿ ಎಡವಿದರೆಂದೇ ನನ್ನ ಭಾವನೆ.

ನಮ್ಮಲ್ಲಿ ಇ-ಹಾಸ್ಪಿಟಲ್ ತಂತ್ರಾಂಶ ಬಂದಿದೆ. 2021ರ ಡಿಜಿಟಲ್ ಆರೋಗ್ಯ ಅಭಿಯಾನ ಪ್ರತಿ ನಾಗರಿಕನಿಗೂ 14 ಅಂಕಿಯ ಆರೋಗ್ಯ ಸಂಖ್ಯೆಯ ಅವಕಾಶ ಕಲ್ಪಿಸಿದೆ. ಚೀಟಿ ಬರೆಸುವುದಕ್ಕೆ, ಬಿಲ್ಲಿಗೆ ಇವು ಒಳ್ಳೆಯವೇ. ದಾದಿಗೆ ಬೇಕಾದದ್ದು ಬೇರೆ: ಒಮ್ಮೆ ಬರೆದದ್ದು ಎಲ್ಲೆಡೆ ಕಾಣಬೇಕು, ಯಾರಿಗೆ ಯಾವ ಹೊತ್ತಿಗೆ ಯಾವ ಔಷಧಿ ಎಂಬುದು ಹಾಸಿಗೆಯ ಬಳಿಯೇ ತಿಳಿಯಬೇಕು, ಪ್ರಯೋಗಾಲಯದ ಫಲಿತಾಂಶಕ್ಕಾಗಿ ಯಾರನ್ನೂ ಓಡಿಸಬೇಕಾಗಿರಬಾರದು, ಕರೆಂಟು ಹೋದರೂ ದಾಖಲೆ ಉಳಿಯಬೇಕು. ಇದನ್ನು ತಂತ್ರಾಂಶ ರೂಪಿಸುವ ಮೊದಲೇ ಅವರನ್ನು ಕೇಳಬೇಕಲ್ಲವೇ?

ನೈಟಿಂಗೇಲ್ 1910ರ ಆಗಸ್ಟ್ 13ರಂದು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ದೃಷ್ಟಿ ಹೋಗಿ, ಪ್ರೀತಿಯ ಅಂಕಿಗಳನ್ನು ಓದಲೂ ಆಗುತ್ತಿರಲಿಲ್ಲ. ದಾವಣಗೆರೆಯ ಆ ದಾದಿ ಬೆಳಿಗ್ಗೆ ಪಾಳಿ ಒಪ್ಪಿಸುವಾಗ ಕಂಪ್ಯೂಟರಿನತ್ತ ತಿರುಗಲೇ ಇಲ್ಲ. ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು, ಮುಂದಿನ ಪಾಳಿಯವರಿಗೆ ಒಂದೊಂದಾಗಿ ಓದಿ ಹೇಳಿದರು.