ಯಂತ್ರಕ್ಕೊಬ್ಬ ದುಭಾಷಿ: ಗ್ರೇಸ್ ಹಾಪರ್

ಗಡಿಯಾರ ಬಿಚ್ಚಿದ ಮಗುವಿಗೆ ಪೆಟ್ಟು ಬೀಳುವುದೇ ಲೋಕರೂಢಿ. 1906ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದ ಗ್ರೇಸ್ ಹಾಪರ್ ಏಳರ ಹರೆಯದಲ್ಲಿ ಮನೆಯ ಏಳು ಅಲಾರಂ ಗಡಿಯಾರಗಳನ್ನು ಬಿಚ್ಚಿ ಹರಡಿದಾಗ, ತಾಯಿ ಒಂದನ್ನು ಆಕೆಗೇ ಬಿಟ್ಟುಕೊಟ್ಟರಂತೆ. ಆ ಹುಡುಗಿ ಮುಂದೆ ಕಾಲೇಜು ಅಧ್ಯಾಪಕಿಯಾಗಿ, 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಯುದ್ಧಕಾಲದಲ್ಲಿ ನೌಕಾಪಡೆ ಸೇರಿದರು. 1944ರಲ್ಲಿ ಹಾರ್ವರ್ಡಿನ ‘ಮಾರ್ಕ್ 1’ ಗಣಕಯಂತ್ರದ ಕೆಲಸ ದೊರೆಯಿತು.

ಯಂತ್ರಕ್ಕೆ ತಿಳಿಯುವುದು ಅಂಕೆಗಳ ಸಂಕೇತ ಮಾತ್ರ. ಪದೇ ಪದೇ ಬೇಕಾಗುವ ಲೆಕ್ಕದ ತುಣುಕುಗಳನ್ನು ಆಗ ನೋಟ್‌ಪುಸ್ತಕಗಳಿಂದ ಕೈಯಾರೆ ನಕಲು ಮಾಡುತ್ತಿದ್ದರು. ನಕಲಿನಲ್ಲಿ ತಪ್ಪು ನುಸುಳುತ್ತಿತ್ತು. ಮಕ್ಕಳ ಕಾಪಿ ಪುಸ್ತಕ ತಿದ್ದುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ! ಯುನಿವ್ಯಾಕ್ ಗಣಕ ತಯಾರಿಸುತ್ತಿದ್ದ ಕಂಪೆನಿಗೆ 1949ರಲ್ಲಿ ಸೇರಿದ ಹಾಪರ್, ಈ ದುಡಿಮೆಯನ್ನು ಯಂತ್ರಕ್ಕೇ ವಹಿಸಲು ಹೊರಟರು. ತುಣುಕುಗಳನ್ನೆಲ್ಲ ಟೇಪಿನಲ್ಲಿ ತುಂಬಿ ಒಂದೊಂದಕ್ಕೂ ಗುರುತು ಕೊಟ್ಟರು. ಗುರುತು ಹೇಳಿದರೆ ಸಾಕು, ಯಂತ್ರವೇ ಹುಡುಕಿ ಜೋಡಿಸಿ ಪ್ರೋಗ್ರಾಂ ಸಿದ್ಧಪಡಿಸುವುದು. 1952ರ ಈ ‘ಎ-0’ಗೆ ಅವರಿಟ್ಟ ಹೆಸರು ಕಂಪೈಲರ್. ಗಣಕವೆಂದರೆ ಕೂಡಿ ಕಳೆಯುವ ಯಂತ್ರವೆಂದೇ ತಿಳಿದವರು ಇದನ್ನು ನಂಬಲಿಲ್ಲ.

ಅದರ ಸುಧಾರಿತ ರೂಪ ‘ಎ-2’ 1953ರಲ್ಲಿ ಯುನಿವ್ಯಾಕ್ ಗ್ರಾಹಕರ ಕೈಸೇರಿತು. ಒಳಗಿನ ಬರಹವನ್ನೂ ಕೊಟ್ಟು, ತಿದ್ದಿದ್ದನ್ನು ಮರಳಿ ಕಳುಹಿಸುವಂತೆ ಕೇಳಿಕೊಳ್ಳಲಾಗಿತ್ತು.

ಮುಂದಿನ ಹೆಜ್ಜೆ ಆಡುಮಾತಿನದು. ಅಂಗಡಿಯ ಲೆಕ್ಕ, ಸಂಬಳಪಟ್ಟಿ ನೋಡುವವರು ಗಣಿತದ ಚಿಹ್ನೆಗಳನ್ನೇಕೆ ಕಲಿಯಬೇಕು, ಇಂಗ್ಲಿಷ್ ಪದಗಳಲ್ಲೇ ಆಜ್ಞೆ ಕೊಡಬಾರದೇಕೆ ಎಂಬುದು ಹಾಪರರ ವಾದ. 1955ರ ಸುಮಾರಿಗೆ ಮಾದರಿಯೊಂದನ್ನು ಮಾಡಿ ತೋರಿಸುವಾಗ, ಅದೇ ಆಜ್ಞೆಗಳನ್ನು ಫ್ರೆಂಚಿನಲ್ಲೂ ಜರ್ಮನಿನಲ್ಲೂ ಬರೆದು ತೋರಿಸಿದರು. ಯಂತ್ರಕ್ಕೆ ಎಲ್ಲವೂ ಒಂದೇ, ಪದದ ಬದಲು ಪದವಿಟ್ಟರಾಯಿತು. ಮೇಲಧಿಕಾರಿಗಳು ಮಾತ್ರ ಬೆಚ್ಚಿದರು. ಅಮೆರಿಕದ ಯಂತ್ರ ಪರಭಾಷೆ ಅರಿಯುವುದೆಂದರೇನು? ಇಂಗ್ಲಿಷೊಂದನ್ನೇ ಬಳಸುವೆವೆಂದು ಅವರನ್ನು ಒಪ್ಪಿಸಲು ಹಾಪರರಿಗೆ ಹಲವು ತಿಂಗಳು ಹಿಡಿಯಿತು. ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಲಿ ಎಂದು ಕಚೇರಿಯ ಮೆಟ್ಟಿಲಲ್ಲಿ ಅನುಮಾನಿಸುವ ಗಡಿನಾಡಿನ ನಮಗೆ ಈ ಅಧಿಕಾರಿಗಳು ಅಪರಿಚಿತರೇನಲ್ಲ.

ಆ ಯತ್ನದಿಂದ ಮೂಡಿದ ‘ಫ್ಲೋ-ಮ್ಯಾಟಿಕ್’ ಭಾಷೆಯೇ, 1959ರಲ್ಲಿ ರೂಪುಗೊಳ್ಳತೊಡಗಿದ ‘ಕೋಬಾಲ್’ಗೆ ಮುಖ್ಯ ಬುನಾದಿ. ಬ್ಯಾಂಕು, ವಿಮಾ ಕಂಪೆನಿಗಳ ಲೆಕ್ಕ ದಶಕಗಳ ಕಾಲ ಅದರಲ್ಲೇ ನಡೆಯಿತು. ಹಾಪರ್ 1986ರಲ್ಲಿ 79ನೆಯ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಪದವಿಯೊಂದಿಗೆ ನೌಕಾಪಡೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಅಷ್ಟರಲ್ಲಿ ಎಂಜಿನಿಯರುಗಳ ಮೇಜಿನ ಮೇಲೆ ‘ವರ್ಕ್‌ಸ್ಟೇಷನ್’ ಎಂಬ ಗಣಕಗಳು ಬಂದಿದ್ದವು. ಅವುಗಳ ಯುನಿಕ್ಸ್ ವ್ಯವಸ್ಥೆಯೊಂದಿಗೆ ಕಂಪೈಲರ್ ಬರುವುದು ವಾಡಿಕೆ. 1992ರಲ್ಲೇ ಹೊರಬಂದ ಸನ್ ಕಂಪೆನಿಯ ‘ಸೋಲಾರಿಸ್ 2’ರಲ್ಲಿ ಅದಿರಲಿಲ್ಲ, ಬೇರೆಯೇ ಹಣ ತೆರಬೇಕಾಯಿತು. ಗ್ರಾಹಕರಲ್ಲಿ ಅನೇಕರು ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದಿದ್ದ ‘ಜಿಸಿಸಿ’ ಕಂಪೈಲರಿನತ್ತ ತಿರುಗಿದರು. ಅದರ ಒಳಬರಹ ಯಾರು ಬೇಕಾದರೂ ಓದಿ ತಿದ್ದುವಂತೆ ತೆರೆದಿತ್ತು.