ಮಣ್ಣನ್ನು ಶೋಧಿಸಿದ ಎಮನ್ಸ್

ಬೂಷ್ಟು ಹಿಡಿದ ರೊಟ್ಟಿಯನ್ನು ನಾವು ಎಸೆದುಬಿಡುತ್ತೇವೆ. ಅದೇ ಶಿಲೀಂಧ್ರಕುಲದ ಕೆಲವು ಜಾತಿಗಳು ಮನುಷ್ಯನ ಶ್ವಾಸಕೋಶವನ್ನೂ ಮೆದುಳಿನ ಪೊರೆಯನ್ನೂ ಹಿಡಿಯಬಲ್ಲವು. ಅವುಗಳ ನೆಲೆಯನ್ನು ಹುಡುಕಿಕೊಟ್ಟವರಲ್ಲಿ ಅಮೆರಿಕದ ಚೆಸ್ಟರ್ ಎಮನ್ಸ್ ಅಗ್ರಗಣ್ಯರು.

1900ರಲ್ಲಿ ಜನಿಸಿದ ಎಮನ್ಸರು 1936ರಲ್ಲಿ ಅಲ್ಲಿನ ಸರಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಹಿಸ್ಟೊಪ್ಲಾಸ್ಮವೆಂಬ ಶಿಲೀಂಧ್ರವು ರೋಗಿಗಳ ದೇಹದಲ್ಲಿ ಕಂಡುಬರುತ್ತಿತ್ತು. ಅದು ಎಲ್ಲಿಂದ ಬರುವುದೆಂದು ತಿಳಿದಿರಲಿಲ್ಲ. ಮಣ್ಣಿನ ಅಸಂಖ್ಯ ನಿರುಪದ್ರವಿ ಬೂಷ್ಟುಗಳ ನಡುವಿನಿಂದ ಅದೊಂದನ್ನೇ ಬೇರ್ಪಡಿಸುವುದು ದುಸ್ತರವಾಗಿತ್ತು. ಎಮನ್ಸರು ಮಣ್ಣನ್ನು ಉಪ್ಪುನೀರಿನಲ್ಲಿ ಕಲಕಿ, ತಳಕ್ಕಿಳಿಯಬಿಟ್ಟು, ಮೇಲಿನ ತಿಳಿಯನ್ನು ಇಲಿಗಳಿಗೆ ಚುಚ್ಚಿದರು. ಸಾಧಾರಣ ಬೂಷ್ಟುಗಳು ಇಲಿಯ ಮೈಯಲ್ಲಿ ಅಳಿಯುತ್ತಿದ್ದವು, ರೋಗಕಾರಕವು ಉಳಿಯುತ್ತಿತ್ತು. ಕೆಲವು ವಾರಗಳ ತರುವಾಯ ಇಲಿಯ ಯಕೃತ್ತು, ಪ್ಲೀಹಗಳಿಂದ ಅದನ್ನು ಬೆಳೆಸಿ ತೆಗೆಯುತ್ತಿದ್ದರು. ನೂರಾರು ಮಾದರಿಗಳನ್ನು ಹೀಗೆ ಪರೀಕ್ಷಿಸಿ, 1949ರಲ್ಲಿ ವರ್ಜೀನಿಯದ ಕೋಳಿಗೂಡಿನ ಬಳಿಯ ಮಣ್ಣಿನಲ್ಲಿ ಹಿಸ್ಟೊಪ್ಲಾಸ್ಮವಿದೆಯೆಂದು ಸಾರಿದರು.

ಮೆದುಳಿನ ಪೊರೆಗೆ ಉರಿಯೂತ ತರುವ ಕ್ರಿಪ್ಟೊಕಾಕಸನ್ನು ಅವರು 1951ರಲ್ಲಿ ಮಣ್ಣಿನಲ್ಲಿಯೂ, 1955ರಲ್ಲಿ ಪಾರಿವಾಳದ ಗೂಡು ಹಿಕ್ಕೆಗಳಲ್ಲಿಯೂ ಕಂಡುಹಿಡಿದರು. 1985ರಲ್ಲಿ ಅವರು ದಿವಂಗತರಾದರು.

ಮುಂಬಯಿಯಂಥ ನಗರಗಳಲ್ಲಿ ಪಾರಿವಾಳಗಳು ನಮ್ಮ ನೆರೆಮನೆಯವೇ. ಆರೋಗ್ಯವಂತರು ಬೆದರಬೇಕಾದುದಿಲ್ಲ, ರೋಗನಿರೋಧಶಕ್ತಿ ಕುಂದಿದವರಿಗೆ ಅಪಾಯ ಹೆಚ್ಚು. ಒಣಹಿಕ್ಕೆಯನ್ನು ಗುಡಿಸಬೇಕಾದ ನಮ್ಮ ಬಂಧುಗಳು ಮೊದಲು ನೀರು ಚಿಮುಕಿಸಿ, ಧೂಳೇಳದಂತೆ ಮಾಡಿ, ಮೂಗುಬಾಯಿಗಳನ್ನು ಮುಚ್ಚಿಕೊಂಡು ಆ ಕೆಲಸಕ್ಕೆ ಕೈಹಚ್ಚಲೆಂದು ನಮ್ಮ ವಿನಂತಿ.